ಕೌಬಾಯ್ ಊರಿನ ಮಾಟಗಾತಿ

ಕೋಪರಖೈರಣೆಯ ಬಾಡಿಗೆ ಮನೆಯಲ್ಲಿ ಕೂತು ನಾನು ಇಂಗ್ಲಿಷ್ ಸಿನಿಮಾಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುತ್ತೇನೆ. ಕೆಲಸ ಕೊಡುವವರ ಮುಖ ನೋಡಿದ್ದಿಲ್ಲ. ಮೇಲ್‌ನಲ್ಲಿ ಫೈಲು ಬರುತ್ತದೆ, ಮೇಲ್‌ನಲ್ಲೇ ಹೋಗುತ್ತದೆ. ಅಮ್ಮ ಇದ್ದಷ್ಟು ದಿನ ಮನೆಯಲ್ಲಿ ಮಾತಿತ್ತು. ಅವಳು ತೀರಿಹೋದ ಮೇಲೆ, ಹಾಲಿನವನಿಗೆ ‘ಆಧಾ ಲೀಟರ್’ ಅಂದದ್ದು ಬಿಟ್ಟರೆ ಬಾಯಿ ತೆರೆಯದೆ ಕಳೆದ ದಿನಗಳೂ ಇದ್ದವು. ಅಂಥ ದಿನಗಳಲ್ಲೂ ಯಾರ್ಯಾರದೋ ಸಂಭಾಷಣೆಯನ್ನು ರಾಶಿಗಟ್ಟಲೆ ಬರೆದಿರುತ್ತಿದ್ದೆ.

ಕಳೆದ ವರ್ಷ ಯಾಕೋ ಒಂದೇ ಜಾತಿಯ ಸಿನಿಮಾಗಳು ಬರತೊಡಗಿದವು. ಧೂಳು ತುಂಬಿದ ಬೀದಿ, ಎರಡೂ ಕಡೆ ಮರದ ಅಂಗಡಿಗಳು, ಕುದುರೆ, ಟೋಪಿ, ಸೊಂಟದಲ್ಲಿ ಪಿಸ್ತೂಲು. ಅದರ ನಡುವೆ ಮಾಟ, ಶಾಪ, ಗುಂಡು ಹೊಡೆದರೂ ಮಲಗದ ಹೆಣಗಳು. ಗುಂಡಿಗೆ ಹೆದರದ ಗಂಡಸರು ಒಬ್ಬ ಮುದುಕಿ ದಿಟ್ಟಿಸಿದ್ದಕ್ಕೆ ಕುದುರೆ ತಿರುಗಿಸಿಕೊಂಡು ಹೋಗುತ್ತಿದ್ದರು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಆ ಊರುಗಳೇ ಅಭ್ಯಾಸವಾದವು. ಮಧ್ಯಾಹ್ನ ತರಕಾರಿ ತರಲು ಹೊರಗೆ ಬಂದರೆ ನಮ್ಮ ಸೆಕ್ಟರಿನ ಬೀದಿಯ ಗದ್ದಲವೇ ಪರದೇಶದ ಹಾಗೆ ಅನಿಸುತ್ತಿತ್ತು.

ಅದರಲ್ಲೊಂದು ಸಿನಿಮಾದಲ್ಲಿ ನಾನು ಸಿಕ್ಕಿಕೊಂಡೆ. ಗಂಡ, ಮಗು ಇಬ್ಬರನ್ನೂ ಕಳೆದುಕೊಂಡ ಹೆಂಗಸೊಬ್ಬಳು ಊರಾಚೆ ಒಬ್ಬಳೇ ಇದ್ದಾಳೆ. ಊರಿನ ದನಗಳು ಸಾಯುತ್ತವೆ, ಬಾವಿ ಬತ್ತುತ್ತದೆ. ಎಲ್ಲರೂ ಅವಳತ್ತ ಬೆರಳು ತೋರಿಸುತ್ತಾರೆ. ಊರಿನ ಪೊಲೀಸ್ ಅಧಿಕಾರಿ ಅವಳ ಬಾಗಿಲಲ್ಲಿ ನಿಂತು, ನೀನು ಮಾಟಗಾತಿಯಾ ಎಂದು ಕೇಳಬೇಕು. ಆ ಪದದಲ್ಲಿ ತಪ್ಪಿರಲಿಲ್ಲ. ಆದರೆ ಬರೆದು ನೋಡಿದರೆ ಮಕ್ಕಳ ಕಥೆಯ ಹಾಗೆ ಕಾಣುತ್ತಿತ್ತು. ಅಮ್ಮನಿದ್ದಿದ್ದರೆ ಅವಳನ್ನೇ ಕೇಳುತ್ತಿದ್ದೆ. ಡೊಂಬಿವಲಿಯಲ್ಲಿರುವ ದೊಡ್ಡಮ್ಮನಿಗೆ, ಅಂದರೆ ಅಮ್ಮನ ಅಕ್ಕನಿಗೆ, ಫೋನ್ ಮಾಡಿದೆ.

“ದೊಡ್ಡಮ್ಮ, ಮಾಟ ಮಾಡುವ ಹೆಂಗಸಿಗೆ ನಮ್ಮ ಕಡೆ ಏನಂತಾರೆ?”

“ಯಾರು ಮಾಡಿಸಿದ್ದು ನಿಂಗೆ?”

“ನನಗಲ್ಲ, ಸಿನಿಮಾದಲ್ಲಿ.”

“ನೋಡದೆ ಹೇಗೆ ಹೇಳುದು? ಭಾನುವಾರ ತೆಕೊಂಡು ಬಾ.”

ಬಿಡುಗಡೆಗೆ ಮೊದಲು ಯಾರಿಗೂ ತೋರಿಸಬಾರದೆಂಬ ಷರತ್ತಿತ್ತು. ಇಂಗ್ಲಿಷ್ ಬಾರದ ದೊಡ್ಡಮ್ಮ ಯಾರಿಗೆ ಹೇಳಿಯಾರು ಅಂದುಕೊಂಡು ಹೊರಟೆ. ಥಾಣೆಯಲ್ಲಿ ಗಾಡಿ ಬದಲಿಸಿ, ದಿವಾ ಸ್ಟೇಷನ್ನಿನಲ್ಲಿ ನುಗ್ಗಿದ ಜನರ ನಡುವೆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಡೊಂಬಿವಲಿಯಲ್ಲಿ ಇಳಿದೆ.

ದೊಡ್ಡಮ್ಮ ಮದುವೆಯಾಗಿ ಬಂದಾಗಿನಿಂದ ಅದೇ ಹಳೆಯ ಬಿಲ್ಡಿಂಗಿನ ಮೊದಲ ಮಹಡಿಯಲ್ಲಿದ್ದಾರೆ. ದೊಡ್ಡಪ್ಪ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು, ಚಿಕ್ಕ ವಯಸ್ಸಿನಲ್ಲೇ ಹೋದರು. ಆಮೇಲೆ ದೊಡ್ಡಮ್ಮ ಹಪ್ಪಳ, ಉಪ್ಪಿನಕಾಯಿ ಮಾಡಿ ಬದುಕಿದರು. ನನಗೆ ಗೊತ್ತಿದ್ದದ್ದು ಅಷ್ಟೇ.

ಅಕ್ಕಿಡಬ್ಬದ ಮೇಲೆ ಲ್ಯಾಪ್‌ಟಾಪ್ ಇಟ್ಟು, ಒಂದೊಂದು ಮಾತನ್ನೂ ಕನ್ನಡದಲ್ಲಿ ಓದಿ ಹೇಳುತ್ತಾ ಹೋದೆ. “ಇಷ್ಟು ಧೂಳಿನಲ್ಲಿ ಇವರ ಅಂಗಿ ಒಗೆಯುದು ಯಾರು?” ಎಂದು ಕೇಳಿದರು. ಆ ಹೆಂಗಸು ಅಂಗಡಿಗೆ ಬರುತ್ತಾಳೆ. ಬೀದಿಯ ಹೆಂಗಸರು ತಮ್ಮ ಮಕ್ಕಳನ್ನು ಶಾಲಿನೊಳಗೆ ಮುಚ್ಚಿಕೊಳ್ಳುತ್ತಾರೆ.

“ನಿಲ್ಲಿಸು,” ಅಂದರು ದೊಡ್ಡಮ್ಮ.

ಚಹಾಕ್ಕೆ ಏಳುತ್ತಾರೆ ಅಂದುಕೊಂಡೆ. ಅವರು ಏಳಲಿಲ್ಲ.

“ನಂಗೂ ಹೀಗೇ ಮಾಡಿದ್ದರು.”

“ಯಾರು?”

“ಇಲ್ಲೇ, ಈ ಬಿಲ್ಡಿಂಗಿನವರು. ನಿನ್ನ ದೊಡ್ಡಪ್ಪ ಹೋದರು. ಅದೇ ಮಳೆಗಾಲದಲ್ಲಿ ನನ್ನ ಮಗುವೂ ಹೋಯಿತು. ಆಮೇಲೆ ಪಕ್ಕದ ಮನೆಯ ಮಗುವಿಗೆ ಜ್ವರ ಬಂತು. ಹಿಂದಿನ ದಿನ ನಾನು ಅದನ್ನು ಎತ್ತಿಕೊಂಡಿದ್ದೆ.”

ದೊಡ್ಡಮ್ಮನಿಗೆ ಮಗುವಾಗಿತ್ತೆಂಬುದೇ ನನಗೆ ಗೊತ್ತಿರಲಿಲ್ಲ.

“ಏನಂತ ಕರೀತಿದ್ದರು ನಿಮ್ಮನ್ನು?”

“ಎಂತದ್ದೂ ಇಲ್ಲ. ‘ತೀ’ ಅಂತಿದ್ದರು. ಮರಾಠಿಯಲ್ಲಿ ‘ಅವಳು’. ಅವಳು ಬಂದಳು, ಮಗುವನ್ನು ಒಳಗೆ ತಗೋ. ಅಷ್ಟೇ.”

“ಅಮ್ಮನಿಗೆ ಹೇಳಲಿಲ್ವಾ?”

“ಅವಳು ಆಗ ಬಸುರಿ. ನೀನು ಹೊಟ್ಟೆಯಲ್ಲಿ. ನೀನು ಹುಟ್ಟಿದ ಮೇಲೂ ನೋಡಲಿಕ್ಕೆ ಬರಲಿಲ್ಲ ನಾನು. ಇಲ್ಲಿಯವರು ಹೇಳಿ ಹೇಳಿ, ನನ್ನಲ್ಲಿ ಏನೋ ಇದೆ ಅಂತ ನಂಗೇ ಹೆದರಿಕೆ ಹೊಕ್ಕಿತ್ತು. ನಿನ್ನನ್ನು ಮೊದಲು ಮುಟ್ಟಿದ್ದು ನೀನು ನಡೆಯಲಿಕ್ಕೆ ಶುರು ಮಾಡಿದ ಮೇಲೆ.”

ಲ್ಯಾಪ್‌ಟಾಪ್ ಮುಚ್ಚಿದೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಯ ಸೊಸೆ ನಿಂತಿದ್ದಳು. “ಆಜಿ, ಹಿಚೀ ದೃಷ್ಟ ಕಾಢಾ ನಾ,” ಇವಳ ದೃಷ್ಟಿ ತೆಗೆಯಿರಿ ಅಜ್ಜಿ, ಅಂದಳು. ದೊಡ್ಡಮ್ಮ ಉಪ್ಪು, ಸಾಸಿವೆ, ಒಣಮೆಣಸು ಮುಷ್ಟಿಯಲ್ಲಿ ಹಿಡಿದು ಮಗುವಿಗೆ ನಿವಾಳಿಸಿ ಒಲೆಯ ಮೇಲೆ ಕಾದ ಕಾವಲಿಗೆ ಹಾಕಿದರು. ಮೂವರೂ ಕೆಮ್ಮಿದೆವು. ಮಗು ಅಳು ನಿಲ್ಲಿಸಿ ದೊಡ್ಡಮ್ಮನ ಮೂಗು ಹಿಡಿಯಿತು.

ಅವಳು ಹೋದ ಮೇಲೆ ದೊಡ್ಡಮ್ಮ ಹೇಳಿದರು, “ಆಗ ಜ್ವರ ಬಂದ ಮಗು ಇತ್ತಲ್ಲ, ಅವನ ಮಗಳು ಈ ಮಗು. ನನ್ನದು ಒಳ್ಳೆ ಕೈ ಅಂತಾರೆ ಈಗ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ.

“ನನ್ನ ಜೊತೆ ಬಂದು ಇರಿ ದೊಡ್ಡಮ್ಮ,” ಅಂದೆ. ಆ ಮಾತು ಅವರಿಗಾಗಿ ಆಡಿದ್ದೋ ನನಗಾಗಿಯೋ, ಹೇಳಲಾರೆ.

“ನೀನು ಇಡೀ ದಿನ ಕಂಪ್ಯೂಟರ್ ನೋಡ್ತಿ. ನಾನು ಅಲ್ಲಿ ಯಾರ ಮುಖ ನೋಡುದು? ಇಲ್ಲಿ ನಾಲ್ಕು ಜನ ಬಂದು ಹೋಗ್ತಾರೆ.”

ಸಿನಿಮಾ ಮುಗಿಸಲು ಇಬ್ಬರಿಗೂ ಮನಸ್ಸಾಗಲಿಲ್ಲ. ಊಟ ಮಾಡಿ ಹೊರಟುಬಂದೆ.

ಆ ಸಾಲನ್ನು ‘ಊರವರು ಹೇಳುವ ಅವಳು ನೀನೇನಾ?’ ಎಂದು ಬರೆದು ಕಳಿಸಿದೆ. ಅರ್ಥ ಸ್ಪಷ್ಟವಿಲ್ಲ, ಮಾಟಗಾತಿ ಎಂದೇ ಇರಲಿ ಎಂದು ತಿದ್ದಿ ಉತ್ತರ ಬಂತು. ಆ ಪದ ಯಾಕೆ ಬೇಡವೆಂದು ನಾನು ಉದ್ದದ ಮೇಲ್ ಬರೆದೆ. ಅದಕ್ಕೆ ಜವಾಬು ಬರಲಿಲ್ಲ. ಸಿನಿಮಾ ಬಿಡುಗಡೆಯಾದಾಗ ಕನ್ನಡ ಅಕ್ಷರ ಹಾಕಿಕೊಂಡು ಒಬ್ಬಳೇ ನೋಡಿದೆ. ಮಾಟಗಾತಿ ಎಂದೇ ಇತ್ತು. ಕೆಳಗಿನ ಮನೆಯ ಉಡುಪಿಯವರ ಮಗಳಿಗೂ ನೋಡು ಎಂದು ಹೇಳಿದ್ದೆ. ಅವಳು ಹಿಂದಿಯಲ್ಲಿ ನೋಡಿದಳಂತೆ.

ಒಂದು ಸಂಜೆ ದೊಡ್ಡಮ್ಮನೇ ಫೋನ್ ಮಾಡಿದರು. “ಆ ಹೆಂಗಸು ಕೊನೆಗೆ ಎಂತ ಆದಳು?”

“ಊರು ಬಿಟ್ಟು ಹೋದಳು. ಎಲ್ಲಿಗೆ ಅಂತ ತೋರಿಸಲ್ಲ.”

“ಒಬ್ಬಳೇ?”

“ಹ್ಞೂಂ.”

“ಹೋಗಬಾರದಿತ್ತು,” ಅಂದರು.

ಈಗ ಅಂಥ ಸಿನಿಮಾಗಳು ಬರುವುದು ನಿಂತಿದೆ. ಬರುವುದೆಲ್ಲ ಅಡುಗೆ ಕಾರ್ಯಕ್ರಮಗಳು. ಆಗಾಗ ಡೊಂಬಿವಲಿಗೆ ಹೋಗಿ ದೊಡ್ಡಮ್ಮನ ಜೊತೆ ಹಪ್ಪಳ ಒಣಹಾಕಿ ಬರುತ್ತೇನೆ. ತೀರಿಹೋದ ಮಗುವಿನ ಬಗ್ಗೆ ಅವರು ಮತ್ತೆ ಮಾತೆತ್ತಿಲ್ಲ. ಗಂಡೋ ಹೆಣ್ಣೋ ಎಂದು ಕೇಳಲು ನನಗೂ ಇನ್ನೂ ಬಾಯಿ ಬಂದಿಲ್ಲ.