ತೋಡಿದಷ್ಟೂ ಉಪ್ಪು

ಅಕ್ಕನ ಫೋನ್ ಬಂದದ್ದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ನಾನು ಪತ್ರಿಕಾ ಕಚೇರಿಗೆ ಹೊರಡುವ ಹೊತ್ತಿಗೆ. ಅವಳು ಮನೆಯಲ್ಲೇ ನೀರುದೋಸೆಯ ಹಿಟ್ಟು ರುಬ್ಬಿ ಹತ್ತಿರದ ಎರಡು ಹೋಟೆಲುಗಳಿಗೆ ಕೊಡುತ್ತಾಳೆ. ಹಿಟ್ಟಿಗೆ ಉಪ್ಪು ಹಾಕುವುದನ್ನೇ ನಿಲ್ಲಿಸಿದ್ದರೂ ಉಪ್ಪು ಹೆಚ್ಚಾಯಿತೆಂದು ಹೋಟೆಲಿನವರು ಹೇಳುತ್ತಿದ್ದರಂತೆ. ಬಾವಿಯ ನೀರೇ ಉಪ್ಪಾಗಿತ್ತು. ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ, ಅದು ಕುಡಿಯಲಿಕ್ಕೇ ಸಾಲದು. ಭಾವ ಬಾವಿಯನ್ನು ಇನ್ನಷ್ಟು ಆಳ ಮಾಡಲು ಜನಕ್ಕೆ ಹೇಳಿಯಾಗಿತ್ತು. ಅದರಿಂದಲೂ ಸರಿಯಾಗದಿದ್ದರೆ ಮನೆ ಮಾರಿ ಪೇಟೆಯ ಕಡೆ ಕುಲಶೇಖರದಲ್ಲಿ ಫ್ಲ್ಯಾಟ್ ತೆಗೆದುಕೊಳ್ಳುವುದೆಂದು ನಿಶ್ಚಯಿಸಿದ್ದರು.

"ಫ್ಲ್ಯಾಟಿನಲ್ಲಿ ಬೆಳಗಿನ ಜಾವ ಗ್ರೈಂಡರ್ ತಿರುಗಿಸಲಿಕ್ಕೆ ಯಾರು ಬಿಡ್ತಾರೆ? ನನ್ನ ಕೆಲಸ ಅಲ್ಲಿಗೆ ಮುಗಿಯಿತು. ನೀನೊಮ್ಮೆ ಬಂದು ಅವರಿಗೆ ಹೇಳು" ಎಂದಳು. ನಮ್ಮ ಮನೆಮಾತು ತುಳು. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರ ಮನೆ ಇರುವುದು ಹೊಳೆಗೂ ಕಡಲಿಗೂ ನಡುವಿನ ಮರಳಿನ ಪಟ್ಟಿಯಲ್ಲಿ; ಮರಳಿಗೆ ನಮ್ಮ ಕಡೆ ಹೊಯ್ಗೆ ಎನ್ನುತ್ತಾರೆ. ಭಾವ ಗಲ್ಫಿನಿಂದ ಮರಳಿದ ಮೇಲೆ ಕಟ್ಟಿಸಿದ್ದು. ಆದರೆ ಅವರು ಹುಟ್ಟಿ ಬೆಳೆದದ್ದು ವಾಮಂಜೂರಿನ ಬೇಸಾಯದ ಮನೆಯಲ್ಲಿ, ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ ನೆಲದಲ್ಲಿ. ಅಲ್ಲಿ ಬೇಸಿಗೆಗೆ ಬಾವಿ ಬತ್ತಿದರೆ ಮಾಡುವುದು ಒಂದೇ ಕೆಲಸ, ತಳದ ಕಲ್ಲನ್ನು ಇನ್ನೂ ಕಡಿದು ಕೆಳಗಿಳಿಯುವುದು. ಇಳಿದಷ್ಟೂ ನೀರು ತಣ್ಣಗೆ, ಸಿಹಿಯಾಗಿ ಸಿಗುತ್ತದೆ. ತಂದೆಯ ಕಾಲದಿಂದ ಹಾಗೆ ಮಾಡಿ ಯಾರೂ ಸೋತದ್ದಿಲ್ಲ. ಆ ಅಭ್ಯಾಸವನ್ನು ಭಾವ ಮರಳಿಗೂ ತಂದಿದ್ದರು. ಎರಡು ವರ್ಷದ ಹಿಂದೆ ನೀರು ಕಡಿಮೆಯಾದಾಗ ತಳ ತೋಡಿಸಿ ಸಿಮೆಂಟಿನ ಎರಡು ರಿಂಗ್ ಇಳಿಸಿದ್ದರು. ನೀರು ಧಾರಾಳ ಬಂತು. ಬಾವಿಗೆ ದೊಡ್ಡ ಪಂಪ್ ಕೂಡ ಬಂತು. ಉಪ್ಪು ಸುರುವಾದದ್ದು ಅದರ ಮರುಬೇಸಿಗೆಯಲ್ಲಿ.

ಡೆಸ್ಕಿನಲ್ಲಿ ಕೂತು ಕಡಲ್ಕೊರೆತದ ಸುದ್ದಿಗಳನ್ನು ನಾನು ವರ್ಷ ವರ್ಷವೂ ತಿದ್ದಿದ್ದೇನೆ. ಜೂನ್ ಬಂತೆಂದರೆ ಬುಡ ಕಳಚಿದ ತೆಂಗಿನಮರ, ಲಾರಿಯಲ್ಲಿ ಬಂದಿಳಿಯುವ ಬಂಡೆಕಲ್ಲು, ಸ್ಥಳಕ್ಕೆ ಭೇಟಿ ಕೊಟ್ಟ ಗಣ್ಯರು. ನೆಲದಡಿಯಲ್ಲಿ ನುಗ್ಗುವ ಕಡಲಿಗೆ ಫೋಟೋ ಇಲ್ಲ. ಉಪ್ಪುನೀರಿಗೆ ಒಂದು ಮನೆಯ ಚಹಾ ಒಡೆದುಹೋದದ್ದು ಯಾವ ಪುಟಕ್ಕೂ ಹೋಗುವುದಿಲ್ಲ.

ಮರುದಿನ ಬೆಳಿಗ್ಗೆ ಕದ್ರಿಯ ನನ್ನ ಮನೆಯಿಂದ ಬೇಗನೆ ಹೊರಟು ಅಕ್ಕನ ಮನೆಗೆ ಹೋದೆ. ಪಂಪ್ ಹಾಕುವ ಮೊದಲು ಒಂದು ಕೊಡಪಾನ ನೀರು ಸೇದಿ ರುಚಿ ನೋಡಿದೆ. ಉಪ್ಪು ಇತ್ತು, ಆದರೆ ಕುಡಿಯಬಹುದಾಗಿತ್ತು. ಪಂಪ್ ಓಡಿ ಟ್ಯಾಂಕ್ ತುಂಬಿದ ಮೇಲೆ ಮತ್ತೆ ನೋಡಿದೆ. ಬಾಯಿಗೆ ಹಾಕುವಂತಿರಲಿಲ್ಲ. ಪಕ್ಕದ ಮನೆಯ ಅಜ್ಜಿಯ ಬಾವಿ ಗಿಡ್ಡ, ಹಗ್ಗವೂ ಗಿಡ್ಡ, ಪಂಪ್ ಇಲ್ಲ. ಅದರ ನೀರು ಸಿಹಿಯಾಗಿತ್ತು. ಎರಡು ಬಾವಿಗಳ ನಡುವೆ ಇದ್ದದ್ದು ಒಂದು ಆವರಣ ಗೋಡೆ ಮಾತ್ರ.

ಅಜ್ಜಿಯದ್ದು ಅದೃಷ್ಟ ಎಂದರು ಭಾವ. ಅಜ್ಜಿಗೆ ಅದು ಕೇಳಿಸಿತು. ಅದೃಷ್ಟ ಇದ್ದಿದ್ದರೆ ತನಗೂ ಟೆರೇಸ್ ಮನೆ ಇರುತ್ತಿತ್ತಲ್ಲ ಎಂದು ಗೋಡೆಯಾಚೆಯಿಂದಲೇ ಉತ್ತರ ಕೊಟ್ಟರು.

ಒಬ್ಬರ ಮಾತಿನ ಮೇಲೆ ಸುದ್ದಿ ಮಾಡಬಾರದೆಂಬುದು ನಮ್ಮಲ್ಲಿ ಮೊದಲ ಪಾಠ. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಪರಿಚಿತರೊಬ್ಬರಿಗೆ ಫೋನ್ ಮಾಡಿ, ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅವರು ವಿವರಿಸಿದ್ದು ಸರಳವಾಗಿತ್ತು. ಕರಾವಳಿಯ ಮರಳಿನಲ್ಲಿ ಇಂಗಿದ ಮಳೆನೀರು ಹಗುರ, ಕಡಲಿನ ಉಪ್ಪುನೀರು ಭಾರ. ಹಾಗಾಗಿ ಸಿಹಿನೀರು ಒಂದು ತೆಳು ಪದರವಾಗಿ ಉಪ್ಪುನೀರಿನ ಮೇಲೆ ಕೂತಿರುತ್ತದೆ. ಮೇಲಿನದ್ದನ್ನು ರಭಸದಲ್ಲಿ ಎಳೆದರೆ ಕೆಳಗಿನದ್ದು ಏಳುತ್ತದೆ. ಬೇಸಿಗೆಯಲ್ಲಿ ಹೊಳೆಯ ಹರಿವು ಸೊರಗಿ ಉಬ್ಬರದ ನೀರು ಒಳನುಗ್ಗುವಾಗ ಪದರ ಇನ್ನೂ ತೆಳ್ಳಗಾಗುತ್ತದೆ. ಕಡಲಿನ ಮಟ್ಟ ಏರುತ್ತಿರುವುದರಿಂದ ಉಪ್ಪುನೀರು ಒಳಗಿಂದೊಳಗೇ ಮೇಲಕ್ಕೆ ಬರುತ್ತಿದೆ. ಭಾವ ತೋಡಿದ್ದು ನೇರ ಅದರ ಕಡೆಗೇ. ಇದನ್ನು ನೋಡಿಯೇ ನಂಬಬೇಕಾದರೆ ಏನು ಮಾಡಬೇಕೆಂಬುದನ್ನೂ ಅವರು ಹೇಳಿಕೊಟ್ಟರು.

ಬಾವಿ ತೋಡುವ ಜನ ಬರುವ ದಿನ ನಾನು ರಜೆ ಹಾಕಿದೆ. ಅವರು ಹಾರೆ, ಬುಟ್ಟಿ ಇಳಿಸುತ್ತಿದ್ದರು. ಭಾವ ಅಂಗಳದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ನಾನು ಒಂದು ಗಾಜಿನ ಬಾಟಲಿಗೆ ಕಲ್ಲೂ ಹಗ್ಗವೂ ಕಟ್ಟಿ, ಅದರ ಬಿರಡೆಗೆ ಬೇರೆಯೇ ಒಂದು ನೂಲು ಕಟ್ಟಿದೆ.

"ಎಂತ ಮಾರಾಯ, ಪೇಪರ್ ಬಿಟ್ಟು ಗಾಳ ಹಾಕಲಿಕ್ಕೆ ಸುರು ಮಾಡಿದ್ದಾ?" ಎಂದರು ಭಾವ. ಕೆಲಸದವರು ನಕ್ಕರು.

ಬಾಟಲಿಯನ್ನು ಬಾವಿಗೆ ಇಳಿಸಿ, ಅದು ತಳ ಮುಟ್ಟಿದ ಮೇಲೆ ನೂಲು ಜಗ್ಗಿದೆ. ಬಿರಡೆ ಕಳಚಿ ತಳದ ನೀರು ಒಳಗೆ ತುಂಬಿತು. ಅಕ್ಕ ಕೊಡಪಾನವನ್ನು ಮೆಲ್ಲಗೆ ಇಳಿಸಿ ಮೇಲ್ಮಟ್ಟದ ನೀರು ತೆಗೆದಳು. ಎರಡನ್ನೂ ಸ್ಟೀಲ್ ಲೋಟಗಳಿಗೆ ಹೊಯ್ದು, ಯಾವುದು ಎಲ್ಲಿಯದೆಂದು ಹೇಳದೆ ಗಂಡನ ಮುಂದೆ ಇಟ್ಟಳು.

ಮೊದಲ ಲೋಟವನ್ನು ಅವರು ಅರ್ಧ ಕುಡಿದರು. ಇನ್ನೊಂದರ ಮೊದಲ ಗುಟುಕನ್ನೇ ಬಾಳೆಯ ಬುಡಕ್ಕೆ ಉಗುಳಿದರು.

"ಇದು ಕಡಲಿದ್ದಾ?"

"ನಿಮ್ಮ ಬಾವಿದೇ ಭಾವ. ಎರಡು ವರ್ಷದ ಹಿಂದೆ ಇಳಿಸಿದ ಆ ಎರಡು ರಿಂಗಿನ ಒಳಗಿದ್ದು."

ಅವರು ಬಾಟಲಿಯನ್ನು ಕೈಗೆ ತೆಗೆದುಕೊಂಡು ಮೂಸಿದರು. ಇನ್ನೊಮ್ಮೆ ಇಳಿಸು ಎಂದರು. ಇಳಿಸಿದೆ. ಈ ಸಲ ನೂಲು ಜಗ್ಗಿದ್ದು ಅವರೇ. ರುಚಿ ನೋಡಿ ಬಾವಿಕಟ್ಟೆಯ ಮೇಲೆ ಕೂತರು.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಅವರೆದುರು ನಿಂತಳು. "ನಿಮ್ಮ ತಂದೆಯ ಬಾವಿ ಕಲ್ಲಿದ್ದು. ಇದು ಹೊಯ್ಗೆಯದ್ದು. ಇಲ್ಲಿ ಇನ್ನು ಒಂದು ಬುಟ್ಟಿ ಹೊಯ್ಗೆ ತೆಗೆದರೂ ಆ ಫ್ಲ್ಯಾಟಿಗೆ ನೀವೊಬ್ಬರೇ ಹೋಗಿ. ನಾನು ಬರುವುದಿಲ್ಲ."

ತೋಡಲು ಬಂದವರಿಗೆ ತುಂಬಿಸಲು ಹೇಳಲಾಯಿತು. ಕೆಳಗಿನ ಎರಡು ರಿಂಗ್ ಮುಚ್ಚುವವರೆಗೆ ತೊಳೆದ ಮರಳು ಹಾಕಬೇಕಿತ್ತು. ಮೇಸ್ತ್ರಿಗೆ ಮೊದಲು ನಂಬಿಕೆ ಬರಲಿಲ್ಲ. ಬಾವಿ ತೋಡಿ ಕೂಲಿ ತೆಗೆದುಕೊಂಡದ್ದುಂಟು, ಮುಚ್ಚಿ ತೆಗೆದುಕೊಳ್ಳುವುದು ಇದೇ ಮೊದಲು ಎಂದ. ಭಾವ ಬುಟ್ಟಿಗೆ ಕೈಕೊಡುತ್ತಾ ಇದ್ದರು. ಸಂಜೆ ದೊಡ್ಡ ಪಂಪನ್ನು ಕಳಚಿಟ್ಟರು. ಅದರ ಜಾಗಕ್ಕೆ ಬಂದ ಸಣ್ಣ ಪಂಪ್ ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಓಡುತ್ತದೆ.

ನೀರು ಕೂಡಲೇ ಸಿಹಿಯಾಗಲಿಲ್ಲ. ಆ ಬೇಸಿಗೆ ಮುಗಿಯುವವರೆಗೆ ಹಿಟ್ಟಿನ ನೀರನ್ನು ಅಜ್ಜಿಯ ಬಾವಿಯಿಂದಲೇ ತಂದದ್ದು. ಮಳೆಗಾಲದಲ್ಲಿ ಟೆರೇಸಿನ ನೀರನ್ನು ಜಲ್ಲಿ ತುಂಬಿದ ಗುಂಡಿಗೆ ಬಿಟ್ಟು ಮರಳಿಗೆ ಇಂಗಿಸಿದರು. ಮರುವರ್ಷ ಮೇ ತಿಂಗಳಲ್ಲಿ ನಾನು ಮತ್ತೆ ಬಾಟಲಿ ಇಳಿಸಿ ನೋಡಿದೆ. ತಳಕ್ಕೂ ಮೇಲಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಎರಡೂ ಕುಡಿಯುವಂತಿದ್ದವು. ಹೋಟೆಲಿನವರ ದೂರು ನಿಂತಿತ್ತು, ಮನೆ ಮಾರುವ ಮಾತೂ ನಿಂತಿತ್ತು.

ಕಡಲು ಏರುವುದು ನಿಂತಿಲ್ಲ. ಆ ಪದರ ಎಷ್ಟು ವರ್ಷ ತಾಳುತ್ತದೆಂದು ಅಕ್ಕ ಕೇಳಿದರೆ ಗೊತ್ತಿಲ್ಲವೆಂದೇ ಹೇಳುತ್ತೇನೆ. ಗೊತ್ತಿರುವುದು ಇಷ್ಟು. ಮಳೆ ಕೊಟ್ಟದ್ದನ್ನು ಮೆಲ್ಲಗೆ ತೆಗೆದರೆ ಆ ಬಾವಿ ಆ ಮನೆಯನ್ನು ಸಾಕುತ್ತದೆ. ಅದನ್ನು ನಾನು ರುಚಿ ನೋಡಿಯೇ ಬರೆಯುತ್ತಿದ್ದೇನೆ.

ಈಗ ಪಂಪಿನ ಸ್ವಿಚ್ಚನ್ನು ಭಾವನ ಹೊರತು ಯಾರೂ ಮುಟ್ಟುವ ಹಾಗಿಲ್ಲ. ಕಳೆದ ಭಾನುವಾರ ನಾನು ಅಲ್ಲಿ ಸ್ನಾನಕ್ಕೆ ಹೋದವನು ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡೆ. ಬಾಗಿಲು ಬಡಿದ ಸದ್ದಾಯಿತು.

"ಸಾಕು ಮಾರಾಯ, ಹೊರಗೆ ಬಾ. ಕೆಳಗಿನ ಉಪ್ಪು ಏಳ್ತದೆ. ಪೇಪರಿನಲ್ಲಿ ಇರುವವನಿಗೆ ಅಷ್ಟೂ ಗೊತ್ತಿಲ್ವಾ?"

ನಾನು ನಲ್ಲಿ ನಿಲ್ಲಿಸಿದೆ.