ತರಗತಿ ಮುಗಿಯುವವರೆಗೆ

ಕಾಲೇಜು ಮುಚ್ಚಿ ಪಾಠಗಳೆಲ್ಲ ಆನ್‌ಲೈನಿಗೆ ಬಂದ ವರ್ಷ, ನಾನು ಮೆಹದಿಪಟ್ಟಣಂನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಕುಳಿತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಹೆಂಡತಿ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳು ಬೆಳಗಿನ ಪಾಳಿಗೆ ಹೊರಟ ಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ನಾಲ್ಕು ವರ್ಷದ ಮಗಳು.

ನನ್ನದು ಒಪ್ಪಂದದ ನೌಕರಿ. ಆರು ತಿಂಗಳಿಗೊಮ್ಮೆ ನವೀಕರಣವಾಗಬೇಕು. ಆ ಸಲ ವಿಭಾಗದ ಮುಖ್ಯಸ್ಥರಿಂದ ಸಂದೇಶ ಬಂದಿತು. ಒಪ್ಪಂದದ ಅಧ್ಯಾಪಕರ ತಲಾ ಒಂದು ತರಗತಿಯನ್ನು ರೆಕಾರ್ಡ್ ಮಾಡಿ ನೋಡಲಾಗುವುದು, ಯಾರು ಉಳಿಯಬೇಕೆಂಬುದು ಅದರಿಂದಲೇ ತೀರ್ಮಾನವಾಗುವುದು. ಪಾಠ ಪೂರ್ತಿ ಇಂಗ್ಲಿಷಿನಲ್ಲಿರಬೇಕು. ಮನೆಯ ಸದ್ದು ಕೇಳಿಸಕೂಡದು. ನಡುವೆ ಎದ್ದುಹೋಗಕೂಡದು.

ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲು. ಅಪ್ಪ ಅವ್ವ ಯಾದಗಿರಿ ಕಡೆಯಿಂದ ಬಂದು, ಈ ತೆಲುಗು ಊರಿನಲ್ಲಿ ಸಾಫ್ಟ್‌ವೇರ್ ಕಟ್ಟಡಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲದಲ್ಲಿ ಕಾಂಕ್ರೀಟು ಹೊತ್ತವರು. ನನಗೆ ಇಂಗ್ಲಿಷ್ ಮಾತಾಡಲು ಬರುತ್ತದೆಂದು ಅವರು ನಂಬಿದ್ದಾರೆ. ನಿಜವೇನೆಂದರೆ ಬರೆದುಕೊಂಡು ಓದಲು ಬರುತ್ತದೆ. ಪಾಠದ ಪ್ರತಿ ವಾಕ್ಯವನ್ನೂ ಹಿಂದಿನ ದಿನವೇ ಕಾಗದದ ಮೇಲೆ ಬರೆದು, ಎರಡು ಸಲ ತಿದ್ದಿ, ತಮಾಷೆಯ ಮಾತಿದ್ದಲ್ಲಿ ಅಂಚಿನಲ್ಲಿ ‘ನಗು’ ಎಂದು ಗುರುತು ಹಾಕಿಕೊಳ್ಳುತ್ತಿದ್ದೆ.

ನಗಲು ಎದುರಿಗೆ ಯಾರೂ ಇರುತ್ತಿರಲಿಲ್ಲ. ತೆರೆಯ ತುಂಬ ಕಪ್ಪು ಚೌಕಗಳು. ಅವುಗಳ ಹಿಂದಿನ ಬಹುಪಾಲು ಮಂದಿ ಅದೇ ಹೊತ್ತಿಗೆ ಅಮೀರ್‌ಪೇಟ್‌ನ ಯಾವುದೋ ಸಂಸ್ಥೆಯ ಕೋಡಿಂಗ್ ಪಾಠ ಕೇಳುತ್ತಿರುತ್ತಾರೆಂಬುದು ನನಗೆ ಗೊತ್ತಿತ್ತು. ನೌಕರಿಗೆ ಆ ಪಾಠ, ಹಾಜರಿಗೆ ನನ್ನದು.

ರೆಕಾರ್ಡಿಂಗಿನ ದಿನ ಬೆಳಿಗ್ಗೆ ಮಗಳನ್ನು ಕೂರಿಸಿಕೊಂಡು ಹೇಳಿದೆ.

“ಇವತ್ತು ನಾ ಪಾಠ ಮಾಡಾಕತ್ತಾಗ ಮಾತಾಡಬಾರ್ದು. ಸದ್ದು ಮಾಡಬಾರ್ದು.”

“ಅಳು ಬಂದ್ರ?”

“ಬಂದ್ರೂ.”

“ಸೀನು ಬಂದ್ರ?”

“ಅದೂ ಬ್ಯಾಡ.”

“ಸೀನು ನಿನ್ ಮಾತು ಕೇಳಂಗಿಲ್ಲಪ್ಪಾ, ಅದು ಬಂದ್ಬಿಡ್ತೈತಿ!” ಎಂದು ನಕ್ಕಳು.

“ಹಂಗಾದ್ರ ಬಾಯಾಗ ಫ್ರಾಕ್ ಇಟ್ಕೋ,” ಎಂದೆ. ನಾನು ನಗಲಿಲ್ಲ.

ತರಗತಿ ಹನ್ನೊಂದಕ್ಕೆ ಆರಂಭವಾಯಿತು. ಮುಕ್ಕಾಲು ಪಾಲು ಪಾಠ ಬರೆದುಕೊಂಡಂತೆಯೇ ಸಾಗಿತು. ವಿದ್ಯಾರ್ಥಿಗಳಿಗೆ ಒಂದು ಲೆಕ್ಕ ಬರೆದುಕೊಳ್ಳಲು ಕೊಟ್ಟು, ತೆರೆಯ ಮೇಲೆ ಲೆಕ್ಕವಷ್ಟೇ ಕಾಣುತ್ತಿದ್ದ ಆ ಅರ್ಧ ನಿಮಿಷದಲ್ಲಿ, ನಿಯಮ ಮೀರಿ, ಅಡುಗೆ ಕೋಣೆಗೆ ಹೋಗಿ ಬ್ಯಾಳಿ ಸಾರಿನ ಪಾತ್ರೆಯನ್ನು ಸಣ್ಣ ಉರಿಯ ಮೇಲಿಟ್ಟು ಬಂದೆ. ಪಾಠ ಮುಗಿದೊಡನೆ ಮಗುವಿಗೆ ಬಿಸಿ ಅನ್ನ ಕಲಸಿಕೊಡಬೇಕೆಂಬುದು ನನ್ನ ಲೆಕ್ಕ. ಆ ಮನೆಯಲ್ಲಿ ಅಡುಗೆ ಕಟ್ಟೆಯಿರಲಿಲ್ಲ. ಗ್ಯಾಸ್ ಒಲೆಯನ್ನು ಒಂದು ತಗ್ಗಾದ ಕಲ್ಲಿನ ಮೇಲೆ ಇಟ್ಟಿದ್ದೆವು.

ನಾನು ಬಂದು ಕುಳಿತ ಕೆಲವು ನಿಮಿಷಗಳಲ್ಲಿ ಮಗಳು ಬಾಗಿಲಿಗೆ ಬಂದಳು. ಮಾತಾಡಲಿಲ್ಲ. ಹೊಟ್ಟೆಯನ್ನು ಎರಡು ಸಲ ತಟ್ಟಿಕೊಂಡು ತೋರಿಸಿದಳು. ನಾನು ನೋಡಿದೆ. ಅದೇ ಕ್ಷಣದಲ್ಲಿ ನೆಟ್‌ವರ್ಕ್ ಕೈಕೊಟ್ಟಿತು. “ಸರ್, ವಾಯ್ಸ್ ಬ್ರೇಕ್ ಅವುತೋಂದಿ,” ದನಿ ಕಡಿದು ಕಡಿದು ಬರುತ್ತಿದೆ, ಎಂದಳು ಒಬ್ಬ ವಿದ್ಯಾರ್ಥಿನಿ. ಇನ್ನೊಬ್ಬ ಏನೋ ಸಂದೇಹ ಕೇಳತೊಡಗಿದ. ಮೈಕು ಮುಚ್ಚಲು ಮರೆತ ಮೂರನೆಯವನು ಯಾರಿಗೋ, “ರೇಯ್, ಅಟೆಂಡೆನ್ಸ್ ಅಯಿಪೋಯಿಂದಾ?” ಎಂದ, ಹಾಜರಿ ಮುಗಿಯಿತೇನೋ, ಎಂದು. ನನ್ನ ಕಾಗದದಲ್ಲಿ ಇವುಗಳಲ್ಲಿ ಯಾವುದಕ್ಕೂ ಉತ್ತರ ಬರೆದಿರಲಿಲ್ಲ.

“ಉಂಡಮ್ಮಾ, ಉಂಡು,” ಎಂದುಬಿಟ್ಟೆ. ತೆಲುಗಿನಲ್ಲಿ ‘ತಾಳು’ ಎಂದರ್ಥ. ಕೂಡಲೇ ಎಚ್ಚೆತ್ತು ಇಂಗ್ಲಿಷಿಗೆ ಮರಳಿದೆ. ಬಾಗಿಲ ಕಡೆ ನೋಡಿದಾಗ ಮಗಳು ಇರಲಿಲ್ಲ. ಜಾಣೆ, ತಾನಾಗಿ ಹೋದಳು ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಅಡುಗೆ ಕೋಣೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಆಮೇಲೆ ಏನೂ ಇಲ್ಲ.

ಆಗ ನಾನು ಗಡಿಯಾರ ನೋಡಿದೆ. ಹನ್ನೊಂದು ನಿಮಿಷ ಉಳಿದಿತ್ತು. ಅಳು ಕೇಳಿಸಲಿಲ್ಲ, ಹಾಗಾಗಿ ಖಾಲಿ ಪಾತ್ರೆಯೇ ಇರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಒಲೆಯ ಮೇಲೆ ಪಾತ್ರೆ ಇಟ್ಟು ಬಂದವನು ನಾನೇ. “ಶೇಕಡಾ ತೊಂಬತ್ತೈದರಷ್ಟು ವಿಶ್ವಾಸದಿಂದ ಹೀಗೆ ಹೇಳಬಹುದು,” ಎಂಬುದು ಆ ದಿನದ ಪಾಠದ ಮುಖ್ಯ ವಾಕ್ಯ. ಅದನ್ನು ಇಂಗ್ಲಿಷಿನಲ್ಲಿ, ತಪ್ಪಿಲ್ಲದೆ, ಮೂರು ಸಲ ಓದಿದೆ. ಕೊನೆಗೆ ಸಂದೇಹಗಳಿವೆಯೇ ಎಂದು ಕೇಳಿ, ಯಾರೂ ಮಾತಾಡದಿದ್ದರೂ ಕಾಯಬೇಕಾದಷ್ಟು ಕಾದು, ಧನ್ಯವಾದ ಹೇಳಿದೆ.

ಆಮೇಲೆ ಓಡಿದೆ ಎಂದು ಬರೆಯಬೇಕೆನಿಸುತ್ತದೆ. ಅದು ಸರಿಯಲ್ಲ. ರೆಕಾರ್ಡಿಂಗ್ ಉಳಿದಿದೆಯೇ ಎಂದು ಖಚಿತಪಡಿಸಿಕೊಂಡು ಆಮೇಲೆ ಎದ್ದೆ.

ಅವಳು ಗೋಡೆಗೆ ಒರಗಿ ಕುಳಿತಿದ್ದಳು. ಬಲಗಾಲಿನ ಮೇಲೆಲ್ಲ ಸಾರು. ಫ್ರಾಕಿನ ಅಂಚನ್ನು ಎರಡೂ ಕೈಯಿಂದ ಬಾಯಿಗೆ ತುರುಕಿಕೊಂಡಿದ್ದಳು. ನನ್ನನ್ನು ಕಂಡು ಅದನ್ನು ತೆಗೆಯಲಿಲ್ಲ. ನಾನು “ಮುಗೀತವ್ವಾ,” ಎಂದ ಮೇಲೆ ತೆಗೆದಳು. ಆಗ ಅತ್ತಳು.

ಕಾಲಿಗೆ ತಣ್ಣೀರು ಸುರಿಯುತ್ತ ಫೋನು ಮಾಡಿದೆ. ಹೆಂಡತಿ ಪಾಳಿ ಬಿಟ್ಟು ಆಟೋದಲ್ಲಿ ಬಂದು, ತಾನೇ ಮುಲಾಮು ಹಚ್ಚಿ ಪಟ್ಟಿ ಕಟ್ಟಿದಳು. ಕೈ ಕೆಲಸದಲ್ಲಿದ್ದಂತೆಯೇ ಕೇಳಿದಳು:

“ಸದ್ದು ಕೇಳ್ಲಿಲ್ಲೇನ್ರಿ?”

“ಹೆಡ್‌ಫೋನ್ ಹಾಕ್ಕೊಂಡಿದ್ದೆ.”

ನಮ್ಮ ಹೆಡ್‌ಫೋನ್ ಕೆಟ್ಟು ವಾರವಾಗಿತ್ತು. ಅದು ಅವಳಿಗೆ ಗೊತ್ತಿತ್ತು. ಮಗಳ ಕಡೆ ತಿರುಗಿ, “ಒಲಿ ಹತ್ರ ಯಾಕ ಹೋಗಿದ್ದಿ ಯವ್ವಾ?” ಎಂದಳು.

“ಅಪ್ಪ ಉಂಡು ಅಂದ. ಎರಡು ಸಲ ಅಂದ.”

ನಮ್ಮ ಮನೆಯಲ್ಲಿ ‘ಉಂಡು ಆಡು’, ‘ಉಂಡು ಮಲ್ಕೋ’ ಎಂದೇ ಹೇಳುವುದು. ಅವಳಿಗೆ ಆ ಮಾತೆಂದರೆ ಊಟ.

“ಕೂಸಿಗೆ ಅಂದ್ರೇನ್ರಿ ನೀವು?”

“ಇಲ್ಲ, ಹುಡುಗರಿಗೆ ಅಂದೆ. ತೆಲುಗಿನ್ಯಾಗ.”

“ಮತ್ತ ಕೂಸಿಗೆ ಏನಂದ್ರಿ?”

“ಏನೂ ಅನ್ಲಿಲ್ಲ.”

ಅವಳು ಸಾರು ಚೆಲ್ಲಿದ ನೆಲ ಒರೆಸಲು ಎದ್ದಳು. ನಾನು ಬಟ್ಟೆ ತೆಗೆದುಕೊಳ್ಳಲು ಹೋದೆ, ಕೊಡಲಿಲ್ಲ.

ಕೆಲವು ದಿನಗಳ ನಂತರ ಮುಖ್ಯಸ್ಥರು ಫೋನು ಮಾಡಿದರು. ತರಗತಿ ಶಿಸ್ತಾಗಿತ್ತು, ಗೊಂದಲವಿಲ್ಲದೆ ಮುಗಿಯಿತು, ಒಂದು ಕಡೆ ಮಾತ್ರ ತೆಲುಗು ನುಸುಳಿದೆ, ಎಚ್ಚರವಿರಲಿ ಎಂದರು. ಪಾತ್ರೆಯ ಸದ್ದಿನ ಮಾತು ಬರಲಿಲ್ಲ. ಅವರು ರೆಕಾರ್ಡಿಂಗನ್ನು ಅಲ್ಲಿಯವರೆಗೆ ಕೇಳಿರಲಿಕ್ಕಿಲ್ಲ. ಒಪ್ಪಂದ ಇನ್ನಾರು ತಿಂಗಳಿಗೆ ಮುಂದುವರಿಯಿತು. ಆಮೇಲೆ ಮತ್ತಾರು ತಿಂಗಳಿಗೆ. ಪ್ರತಿ ಸಲವೂ ಒಂದು ರೆಕಾರ್ಡಿಂಗ್. ಬೇರೆ ದಾರಿ ನನಗೆ ತಿಳಿದಿಲ್ಲ.

ಸುದ್ದಿ ತಿಳಿದ ಕೆಳಗಿನ ಮನೆಯ ತೆಲುಗು ಹೆಂಗಸು, ಪಾಠದ ಹೊತ್ತಿಗೆ ಮಗುವನ್ನು ತಮ್ಮಲ್ಲಿಗೆ ಕಳುಹಿಸಲು ಹೇಳಿದರು. ಗಾಯ ಮಾಗಿದ ಮೇಲೂ ಅದು ನಿಲ್ಲಲಿಲ್ಲ. ಈಗ ರಜೆಯ ದಿನ, ನಾನು ಸುಮ್ಮನೆ ಕುಳಿತಿದ್ದಾಗಲೂ, ಹಸಿವಾದರೆ ಮಗಳು ನನ್ನನ್ನು ಕೇಳುವುದಿಲ್ಲ. ಮೆಟ್ಟಿಲಿಳಿದು ಹೋಗಿ ಅವರ ಬಾಗಿಲಲ್ಲಿ ನಿಂತು ತೆಲುಗಿನಲ್ಲಿ, “ಆಕಲಿ ವೇಸ್ತೋಂದಿ,” ಎನ್ನುತ್ತಾಳೆ. ಒಂದಕ್ಷರವೂ ತಪ್ಪುವುದಿಲ್ಲ, ಎಷ್ಟು ಶುದ್ಧವಾಗಿ ಮಾತಾಡುತ್ತಾಳೆ ನಿಮ್ಮ ಮಗಳು, ಎಂದು ಆಕೆ ನನ್ನೆದುರು ಹೊಗಳುತ್ತಾರೆ.