ಡ್ರಿಲ್ ಮಾಡಿ ಸೋತ ಗೇರ್‌ಬಾಕ್ಸ್

ನಮ್ಮ ದೊಡ್ಡ ಕಾರಿನ ಗೇರ್‌ಬಾಕ್ಸ್ ಏಳು ಸಾವಿರ ಕಿಲೋಮೀಟರಿಗೇ ಕೈಕೊಟ್ಟಿತು. ಕೇಳಿದವರೆಲ್ಲ ಕಾರು ಮಾಡಿದವರನ್ನು ಬೈದರು. ನಾನೂ ಒಂದೆರಡು ದಿನ ತಲೆಯಾಡಿಸಿದೆ. ಆದರೆ ಅದನ್ನು ಕೆಡಿಸಿದವನು ನಾನೇ. ಅದೂ ಅಜಾಗರೂಕತೆಯಿಂದಲ್ಲ, ಅತ್ಯಂತ ಶ್ರದ್ಧೆಯಿಂದ.

ಮೂವತ್ತನಾಲ್ಕು ವರ್ಷ ಪೀಣ್ಯದ ಕಾರ್ಖಾನೆಯೊಂದರಲ್ಲಿ ಗ್ರೈಂಡಿಂಗ್ ವಿಭಾಗ ನೋಡಿಕೊಂಡವನು ನಾನು. ಕೆಲಸಕ್ಕೆ ಹಚ್ಚುವ ಮುನ್ನ ಯಂತ್ರವನ್ನು ಹತ್ತು ನಿಮಿಷ ಸುಮ್ಮನೆ ಓಡಿಸಬೇಕು, ಅದರ ಮೇಜನ್ನು ಹಿಂದೆ ಮುಂದೆ ಆಡಿಸಬೇಕು ಎಂಬುದು ಅಲ್ಲಿಯ ನಿಯಮ. ನಿವೃತ್ತನಾದ ಮೇಲೆ ಯಂತ್ರ ಹೋಯಿತು, ನಿಯಮ ಉಳಿಯಿತು. ಲಗ್ಗೆರೆಯ ನಮ್ಮ ಮನೆಯಂಗಳದಲ್ಲಿ ದಿನಾ ಆರು ಗಂಟೆಗೆ ಕಾರಿನ ಹೊದಿಕೆ ತೆಗೆದು, ಹತ್ತಡಿ ಮುಂದೆ, ಹತ್ತಡಿ ಹಿಂದೆ, ಹೀಗೆ ಹತ್ತು ಸಲ ಆಡಿಸಿ ಮತ್ತೆ ಹೊದಿಸುತ್ತಿದ್ದೆ. ತೀರಾ ಅಗತ್ಯವಿಲ್ಲದೆ ರಸ್ತೆಗಿಳಿಸುತ್ತಿರಲಿಲ್ಲ, ಗೀರು ಬೀಳುತ್ತದಲ್ಲ.

ಅರ್ಧ ಶಕ್ತಿ ಮುಗಿಯುವಷ್ಟೇ ವ್ಯಾಯಾಮ ಮಾಡು ಎನ್ನುತ್ತದೆ ಆಯುರ್ವೇದ. ನನ್ನ ದಂಡ ಬಸ್ಕಿಗಳಿಗೆ ಇದನ್ನು ಚಾಚೂ ತಪ್ಪದೆ ಅನ್ವಯಿಸಿಕೊಂಡಿದ್ದೇನೆ. ಕಾರಿಗೂ ಒಂದು ಶಕ್ತಿ ಇದೆಯೆಂದು ಹೊಳೆದಿರಲಿಲ್ಲ.

ನನ್ನ ಹೆಂಡತಿ ಸರೋಜಳಿಗೆ ಚಿತ್ರದುರ್ಗದ ಕೋಟೆ ಹತ್ತಬೇಕೆಂಬ ಆಸೆ. ಕಾರು ಬಂದ ದಿನದಿಂದಲೂ ಕೇಳುತ್ತಿದ್ದಳು. ಮಳೆ ನಿಲ್ಲಲಿ ಎಂದೆ, ಬಿಸಿಲು ಇಳಿಯಲಿ ಎಂದೆ. ಹೀಗೆ ನಾಲ್ಕು ವರ್ಷ. ಕೊನೆಗೊಂದು ದಿನ ಅವಳು, "ಏನ್ರೀ, ಡಾಕ್ಟ್ರು ಮುಂದಿನ ತಿಂಗಳು ಮಂಡಿ ಆಪರೇಷನ್ ಅಂದಿದಾರೆ. ಆಮೇಲೆ ಕೋಟೆ ಹತ್ತೋಕೆ ಬಿಡ್ತಾರೋ ಇಲ್ವೋ. ಕಾರಿಗೆ ಹೊದಿಕೆ ಹಾಕ್ಕೊಂಡು ನೀವಿಲ್ಲೇ ಇರಿ, ನಾನು ಹೋಗ್ತೀನಿ" ಎಂದಳು. ಮರುದಿನವೇ ಪುಳಿಯೋಗರೆ ಕಟ್ಟಿಕೊಂಡು ಹೊರಟೆವು.

ತುಮಕೂರು ರಸ್ತೆಯಲ್ಲಿ ಟಿ. ದಾಸರಹಳ್ಳಿ ತಲುಪುವಷ್ಟರಲ್ಲಿ ಎಂಜಿನ್ನು ಅಬ್ಬರಿಸಿತು, ಕಾರು ಮಾತ್ರ ನಿಂತಿತು. ಹಿಂದಿದ್ದ ಆಟೋದವನು ಪಕ್ಕಕ್ಕೆ ಬಂದು ತಲೆ ಹೊರಹಾಕಿದ. "ಏನ್ ಸಾರ್, ಹುಲಿ ಥರ ಕೂಗುತ್ತೆ, ಎಮ್ಮೆ ಥರ ನಿಂತೈತೆ?"

ಅವನೇ ನಾಲ್ಕು ಜನರನ್ನು ಕೂಡಿಸಿ ಹತ್ತಿರದ ಗ್ಯಾರೇಜಿಗೆ ತಳ್ಳಿಸಿದ. ಅಲ್ಲಿಯ ಮೆಕ್ಯಾನಿಕ್ ಬಸಣ್ಣ ಗದಗದ ಕಡೆಯವನು. ಗೇರ್‌ಬಾಕ್ಸಿನ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿ, "ಸುಟ್ಟ ಕರಕಾಗೈತ್ರಿ" ಎಂದ. ಮೀಟರ್ ನೋಡಿ ಹುಬ್ಬೇರಿಸಿದ. "ದಿನಾ ಏನ್ ಮಾಡ್ತಿದ್ರಿ ಗಾಡೀನ?"

ನಾನು ಹೆಮ್ಮೆಯಿಂದ ನನ್ನ ಬೆಳಗಿನ ಹಿಂದೆ ಮುಂದೆಯ ಡ್ರಿಲ್ ವಿವರಿಸಿದೆ.

"ಗಾಡಿ ಪೂರಾ ನಿಂತ ಮ್ಯಾಲೆ ರಿವರ್ಸ್ ಹಾಕ್ತಿದ್ರೇನ್ರಿ?"

"ಇಲ್ಲಪ್ಪ. ನಿಲ್ಲಿಸಿದರೆ ಲಯ ತಪ್ಪುತ್ತಲ್ಲ."

ಬಸಣ್ಣ ಸರೋಜಳ ಕಡೆ ತಿರುಗಿದ. "ಅಮ್ಮಾರ, ಇದು ಆಟೋಮ್ಯಾಟಿಕ್ ಗಾಡಿರಿ. ಮುಂದ ಹೊಂಟಿದ್ದನ್ನ ದಿನಾ ಹಿಂದಕ್ಕ ಜಗ್ಗಿದ್ರ ಒಳಗಿನ ಪ್ಲೇಟ್ ಸವೀತಾವ. ಪಾಪ, ಸಾಹೇಬ್ರ ಶಿಸ್ತಿಗೆ ಸೋತೈತಿ."

ದಿನಕ್ಕೆ ಹತ್ತರಂತೆ ನಾಲ್ಕು ವರ್ಷಕ್ಕೆ ಮನಸ್ಸಿನಲ್ಲೇ ಗುಣಿಸಿದೆ. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಸಲ ಜಗ್ಗಿದ್ದೆ. ಅಜ್ಜಿಯೊಬ್ಬಳು ಮಡಿಕೆ ಬಿಚ್ಚದೆ ಕಾಪಾಡಿದ ರೇಷ್ಮೆ ಸೀರೆ ಮಡಿಕೆಯಲ್ಲೇ ಸೀಳಿಹೋಗಿದ್ದನ್ನು ಕಂಡಿದ್ದೇನೆ. ನಾನು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ದಿನಾ ಬಿಚ್ಚಿ ಮಡಿಸಿ ಮಡಿಸಿಯೇ ಸೀಳಿದ್ದೆ.

ರಿಪೇರಿಗೆ ಮೂರು ವಾರ ಬೇಕೆಂದ ಬಸಣ್ಣ. ಸರೋಜ ಬೈಯುತ್ತಾಳೆಂದು ಕಾದೆ. ಅವಳು ನಕ್ಕಳು. ಸೆರಗು ಬಾಯಿಗಿಟ್ಟುಕೊಂಡು, ಗ್ಯಾರೇಜಿನ ಸ್ಟೂಲಿನ ಮೇಲೆ ಕುಲುಕುಲು ನಕ್ಕಳು. ಬಸಣ್ಣನೂ ನಕ್ಕ. ಹತ್ತು ಸಲ ಹಿಂದೆ ಮುಂದೆ ಹೋಗುವ ನನ್ನ ಗಾಂಭೀರ್ಯ ನನಗೇ ಕಣ್ಣಿಗೆ ಕಟ್ಟಿ, ನಾನೂ ಗೋಡೆ ಹಿಡಿದು ನಕ್ಕೆ.

ಅಷ್ಟರಲ್ಲಿ ಚಿತ್ರದುರ್ಗದ ಬೋರ್ಡಿದ್ದ ಕೆಂಪು ಬಸ್ಸೊಂದು ಸಿಗ್ನಲ್ಲಿನಲ್ಲಿ ನಿಂತಿತು. ಸರೋಜ ಪುಳಿಯೋಗರೆ ಡಬ್ಬಿ ಎತ್ತಿಕೊಂಡು ನಡೆದೇಬಿಟ್ಟಳು. ಸೀಟು ಕಾದಿರಿಸಿರಲಿಲ್ಲ, ವಾಪಸು ಬರುವ ಹೊತ್ತು ಗೊತ್ತಿರಲಿಲ್ಲ. ಜೀವನದಲ್ಲಿ ಮೊದಲ ಸಲ ಯೋಜನೆಯಿಲ್ಲದೆ ಓಡಿದೆ.

ದಿನಾ ಒಂದು ಗಂಟೆಗೆ ಸರಿಯಾಗಿ ಉಣ್ಣುವ ಊಟವನ್ನು ಆ ದಿನ ಮೂರೂವರೆಗೆ ಉಂಡೆ, ಕೋಟೆಯ ಬಂಡೆಯೊಂದರ ಮೇಲೆ. ಇಪ್ಪತ್ತು ಮೆಟ್ಟಿಲಿಗೊಮ್ಮೆ ಕೂರುತ್ತಾ, ನನ್ನ ಭುಜ ಹಿಡಿಯುತ್ತಾ, ಸರೋಜ ಅಷ್ಟೆತ್ತರ ಬಂದಿದ್ದಳು. "ಇನ್ನೂ ಮೇಲಕ್ಕೆ ಹೋಗೋಣ್ವಾ?" ಎಂದು ಕೇಳಿದಳು.

ಗಡಿಯಾರ ನೋಡಲು ಕೈ ತಾನಾಗಿ ಏಳುತ್ತಿತ್ತು. ಅದನ್ನು ಅವಳತ್ತ ಚಾಚಿದೆ. ಮಂಡಿಗಳ ವಾರಂಟಿಯೂ ಮುಗಿಯುತ್ತ ಬಂದಿದೆ. ಅಂಗಳದಲ್ಲಿ ಸವೆಯುವುದಕ್ಕಿಂತ ಮೆಟ್ಟಿಲ ಮೇಲೆ ಸವೆಯುವುದು ಮೇಲು.